ಹಲಸಿಗೆ ಎಣ್ಣೆ, ಮಾವಿಗೆ ಹಾಲು, ಜಾಲಿಗೆ ಕಬ್ಬಿಣ: ಊರ ಮರ ಮತ್ತು ಮನೆಯಲ್ಲೇ ಕಲಸಿದ ಬಣ್ಣದಿಂದ ಪೀಠೋಪಕರಣ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಗುಬ್ಬಿ ಕಡೆಯ ನಮ್ಮ ತೋಟದಲ್ಲಿ ಒಂದು ಮೇ ತಿಂಗಳ ಬಿರುಗಾಳಿಗೆ ಹಲಸಿನ ಮರವೊಂದು ಬುಡಸಮೇತ ಉರುಳಿತು. ಮೂರನೇ ದಿನಕ್ಕೇ ಸೌದೆ ವ್ಯಾಪಾರಿ ಬಂದು ನಿಂತ. ಇಟ್ಟಿಗೆ ಗೂಡಿಗೆ ಹೋಗಬೇಕಿದ್ದ ಆ ಮರ ಈಗ ನಮ್ಮ ತುಮಕೂರಿನ ಮನೆಯ ಪಡಸಾಲೆಯಲ್ಲಿ ಬೆಂಚಾಗಿ ಕೂತಿದೆ. ನಡುವೆ ಕಳೆದದ್ದು ಹದಿನಾರು ತಿಂಗಳು. ಅದರಲ್ಲಿ ಉಳಿ, ತೋಪಡ ಹಿಡಿದು ಕೆಲಸ ಮಾಡಿದ್ದು ಒಂಬತ್ತು ದಿನ. ಉಳಿದದ್ದೆಲ್ಲ ಕಾಯುವುದು, ತೂಗುವುದು, ತಪ್ಪು ಮಾಡಿ ಕೆರೆದು ತೆಗೆಯುವುದು.

ಆ ತಪ್ಪುಗಳಲ್ಲಿ ದೊಡ್ಡದು, ನೈಸರ್ಗಿಕ ಅಂದರೆ ಅಡುಗೆಮನೆಯಲ್ಲಿ ಇರೋದನ್ನೆಲ್ಲ ಮರಕ್ಕೆ ಬಳಿಯಬಹುದು ಅಂತ ನಾನು ತಿಳಿದಿದ್ದು. ಹಾಗಲ್ಲ. ಯಾವ ಬಣ್ಣ ಅನ್ನೋದನ್ನು ಮರವೇ ಹೇಳುತ್ತದೆ. ಆದ್ದರಿಂದ ಮರದಿಂದಲೇ ಶುರು ಮಾಡೋಣ.

ಯಾವ ಮರ, ಯಾವುದಕ್ಕೆ

ಪೀಠೋಪಕರಣ ಅಂದ ಕೂಡಲೇ ಜನ ತೇಗ ಅನ್ನುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ತೇಗ ನೆಟ್ಟವರು ಇದ್ದಾರೆ, ಆದರೆ ಸುತ್ತಮುತ್ತ ಕಣ್ಣಿಗೆ ಬೀಳುವ ಮರಗಳೇ ಬೇರೆ.

ಹಲಸು ನನ್ನ ಮೊದಲ ಆಯ್ಕೆ. ತುಮಕೂರಿನ ಹಲಸು ಅಂದರೆ ಈಗ ಎಲ್ಲರಿಗೂ ಚೇಳೂರಿನ ಸಿದ್ದು ಹಲಸಿನ ಕೆಂಪು ತೊಳೆಯೇ ನೆನಪಿಗೆ ಬರೋದು. ಮರದ ಗುಣ ಕೇಳುವವರು ಕಮ್ಮಿ. ವೀಣೆಯ ಕೊಡಕ್ಕೆ, ಮೃದಂಗದ ಕಳಸಿಗೆ ಇದೇ ಮರ ಬಳಸುತ್ತಾರೆ ಅಂದರೆ ಅದರ ಹದ ಎಂಥದ್ದು ಅಂತ ಊಹಿಸಿಕೊಳ್ಳಿ. ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಹಳದಿ; ಗೆದ್ದಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಸುತ್ತಲಿನ ಬಿಳಿ ಭಾಗ ಮಾತ್ರ ಹುಳುವಿನ ಪಾಲು, ಅದನ್ನು ಕಡಿದು ಬಿಡಿ.

ಬೇವು ಬೀರು, ಪೆಟ್ಟಿಗೆ, ಪುಸ್ತಕದ ಗೂಡಿಗೆ ಒಳ್ಳೆಯದು. ಹುಳು ಹತ್ತಿರ ಸುಳಿಯೋದಿಲ್ಲ. ಆದರೆ ನಾರು ಅಡ್ಡಾದಿಡ್ಡಿ, ತೋಪಡ ಹಾಕಿದರೆ ಚಕ್ಕೆ ಏಳುತ್ತದೆ. ಬ್ಲೇಡು ಮೊನಚಾಗಿಟ್ಟುಕೊಂಡು ತೆಳ್ಳಗೆ ಎಳೆಯಬೇಕು.

ಶ್ರೀನಿವಾಸಪುರದ ಕಡೆ ಹಳೇ ತೋಪು ತೆಗೆದಾಗ ಮಾವು ಅಗ್ಗಕ್ಕೆ ಸಿಗುತ್ತದೆ. ಕೆಲಸಕ್ಕೆ ಮೆತ್ತಗೆ, ಬಣ್ಣ ಚೆನ್ನಾಗಿ ಕುಡಿಯುತ್ತದೆ. ಮರ ಕೊರೆಯುವ ಕುಟ್ಟೆ ಹುಳು ಮತ್ತು ನೀಲಿ ಬೂಷ್ಟು ಎರಡೂ ಇದಕ್ಕೆ ಬೇಗ. ಉಪಚಾರ ಮಾಡದೆ ಮನೆಯೊಳಗೆ ತರಲೇಬೇಡಿ.

ತೆಂಗು ತಿಪಟೂರು, ತುರುವೇಕೆರೆ ಕಡೆಯವರಿಗೆ ಹಿತ್ತಲ ಮರ. ಐವತ್ತು ವರ್ಷ ದಾಟಿದ ಮರದ ಬುಡದ ಹೊರಸುತ್ತು ಮಾತ್ರ ಗಟ್ಟಿ, ನಡು ಬರೀ ಬೆಂಡು. ಹೊರಸುತ್ತನ್ನು ಸೀಳಿ ಕಾಲು, ಅಡ್ಡಪಟ್ಟಿ, ಸ್ಟೂಲಿನ ಹಲಗೆ ಮಾಡಬಹುದು. ಕರಿಗಂದು ಗೆರೆಗಳು ನೋಡಲು ಬಲು ಚೆಂದ. ಗರಗಸದ ಹಲ್ಲು ಮೊಂಡಾಗುವುದಕ್ಕೆ ಮಿಲ್ಲಿನವನ ಬೈಗುಳ ಕೇಳಲು ತಯಾರಿರಿ.

ಶಿರಾ, ಪಾವಗಡದ ಕೆರೆ ಅಂಗಳ ತುಂಬ ಎದ್ದಿರುವ ಬಳ್ಳಾರಿ ಜಾಲಿಯನ್ನು ನಾವು ಇದ್ದಿಲಿಗೆ ಬಿಟ್ಟರೆ ಬೇರೆ ಯಾತಕ್ಕೂ ಎಣಿಸಿಲ್ಲ. ಒಣಗುವಾಗ ಇದರಷ್ಟು ಕಮ್ಮಿ ಕುಗ್ಗುವ ಮರ ನಮ್ಮ ಸುತ್ತ ಅಪರೂಪ. ಉದ್ದದ ನೇರ ತುಂಡು ಸಿಗೋದಿಲ್ಲ ಅನ್ನೋದೇ ತೊಂದರೆ. ಹಿಡಿಕೆ, ಸ್ಟೂಲಿನ ಕಾಲು, ಗಿಡ್ಡ ಮಣೆಗೆ ಸಾಕಷ್ಟಾಯಿತು. ನಾಟಿ ಕರಿಜಾಲಿ ಸಿಕ್ಕರೆ ಇನ್ನೂ ಮೇಲು, ಗಾಡಿ ಗಾಲಿಗೆ ಹಿಂದಿನವರು ಸುಮ್ಮನೆ ಅದನ್ನು ಆರಿಸಿರಲಿಲ್ಲ.

ಸಿಲ್ವರ್ ಓಕ್ ಹಗುರ, ಡ್ರಾಯರಿಗೆ ಆಗುತ್ತದೆ. ಉಜ್ಜುವಾಗ ಧೂಳು ಕೆಲವರ ಮೈಗೆ ತುರಿಕೆ ತರಿಸುತ್ತದೆ. ಹುಣಸೆ ಕಲ್ಲಿನಂತೆ, ಮಾಂಸದಂಗಡಿಯ ಕೊರಡಿಗೆ ಅದೇ ಸರಿ. ಹೊಂಗೆ ನೆರಳಿಗೆ ಚೆನ್ನ, ಹಲಗೆಗೆ ಬೇಡ. ನೀಲಗಿರಿ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಈಗಲೂ ಬೇಕಾದಷ್ಟಿದೆ. ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿದ್ದರೂ ಹಳೇ ತೋಪುಗಳು ಉಳಿದಿವೆ. ಅದು ತಿರುಚಿಕೊಳ್ಳುತ್ತದೆ, ಸೀಳುತ್ತದೆ. ಎರಡು ಇಂಚಿಗಿಂತ ಅಗಲ ಬೇಡದ ಪಟ್ಟಿಗಳಿಗೆ ಮಾತ್ರ ಇಟ್ಟುಕೊಳ್ಳಿ.

ಕಾಗದ, ಮಿಲ್ಲು, ಲೆಕ್ಕ

ಸ್ವಂತ ಜಮೀನಿನ ಮರವೇ ಆದರೂ ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಉಂಟು. ಬಿದ್ದ ಮರವಾದರೂ ಕೊಯ್ಯಿಸಿ ಸಾಗಿಸುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಒಂದು ಅರ್ಜಿ, ಎರಡು ಫೋಟೊ ಕೊಟ್ಟುಬಿಡಿ. ದಾರಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿದಾಗ ವಾದ ಮಾಡುವುದಕ್ಕಿಂತ ಇದು ಸಲೀಸು.

ಮಿಲ್ಲಿನಲ್ಲಿ ದಿಮ್ಮಿಯ ಲೆಕ್ಕ ಹಾಕುವುದು ಸುತ್ತಳತೆಯ ಕಾಲುಭಾಗದ ಮೇಲೆ. ಸುತ್ತಳತೆ 4 ಅಡಿ ಇದ್ದರೆ ಕಾಲುಭಾಗ 1 ಅಡಿ. ಒಂದು ಗುಣಿಸು ಒಂದು ಗುಣಿಸು ಉದ್ದ 8 ಅಡಿ, ಅಂದರೆ 8 ಘನ ಅಡಿ. ಐದಡಿ ಉದ್ದ, ಒಂದಡಿ ಅಗಲ, ಒಂದೂವರೆ ಇಂಚು ದಪ್ಪದ ಹಲಗೆಗೆ 0.625 ಘನ ಅಡಿ ಹಿಡಿಯುತ್ತದೆ. ಎಂಟಕ್ಕೆ ಹನ್ನೆರಡು ಹಲಗೆ ಬರುತ್ತದೆ ಅಂತ ಖುಷಿಪಡಬೇಡಿ. ತೊಗಟೆ, ಬಿಳಿ ಭಾಗ, ಗರಗಸದ ಪುಡಿ, ಸೀಳಿದ ತುದಿ ಎಲ್ಲ ಕಳೆದು ನನಗೆ ಸಿಕ್ಕಿದ್ದು ಆರು.

ಮಿಲ್ಲಿನವನಿಗೆ ಮೂರು ಮಾತು ಹೇಳಿ: ಬೇಕಾದ ದಪ್ಪಕ್ಕಿಂತ ಕಾಲಿಂಚು ಹೆಚ್ಚು ಕೊಯ್ಯಿ, ನಡುತಿರುಳು (ದಿಮ್ಮಿಯ ಸರಿಮಧ್ಯದ ಎಳೆ) ಯಾವ ಹಲಗೆಯಲ್ಲೂ ಉಳಿಯದ ಹಾಗೆ ಕೊಯ್ಯಿ, ಬಿಳಿಯನ್ನು ಬೇರೆ ಇಡು. ನಡುತಿರುಳು ಉಳಿದ ಹಲಗೆ ಇವತ್ತಲ್ಲ ನಾಳೆ ಸೀಳಿಯೇ ಸೀಳುತ್ತದೆ.

ಒಣಗಿಸುವುದು: ಇಲ್ಲಿ ಅವಸರ ಪಟ್ಟರೆ ಮುಂದಿನದೆಲ್ಲ ದಂಡ

ಹಸಿ ಹಲಗೆ ಅಡ್ಡಡ್ಡ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ. ಅದರಲ್ಲೂ ವರ್ಷದ ಉಂಗುರಗಳ ಗುಂಟ ಆಗುವ ಕುಗ್ಗು ಉಂಗುರಗಳಿಗೆ ಅಡ್ಡವಾಗಿ ಆಗುವುದರ ಸುಮಾರು ಎರಡರಷ್ಟು. ಒಂದೇ ಹಲಗೆ ಎರಡು ಕಡೆ ಎರಡು ರೀತಿ ಕುಗ್ಗಿದರೆ ದೋಣಿಯಂತೆ ಬಾಗದೆ ಇನ್ನೇನಾಗುತ್ತದೆ?

ಕೊಯ್ಸಿದ ದಿನವೇ ಹಲಗೆಯ ಎರಡೂ ತುದಿಗೆ ಕರಗಿಸಿದ ಮೇಣ ಹಚ್ಚಿ. ಹಳೇ ಮೇಣದಬತ್ತಿಯಾದರೂ ನಡೆಯುತ್ತದೆ. ತುದಿಯಿಂದ ನೀರು ಬೇಗ ಆರುತ್ತದೆ, ಸೀಳು ಶುರುವಾಗುವುದೂ ಅಲ್ಲಿಂದಲೇ. ನಾನು ಒಂದು ಹಲಗೆಗೆ ನಾಳೆ ಹಚ್ಚೋಣ ಅಂತ ಬಿಟ್ಟೆ. ಬೆಳಿಗ್ಗೆ ನೋಡಿದರೆ ಕೂದಲಿನಷ್ಟು ಗೆರೆ ಬಿದ್ದಿತ್ತು. ವಾರ ಕಳೆಯುವುದರಲ್ಲಿ ಅದು ಒಂಬತ್ತು ಇಂಚು ಒಳಗೆ ಓಡಿತ್ತು.

ಜೋಡಿಸುವ ಕ್ರಮ ಹೀಗೆ. ನೆರಳು ಇರುವ, ಗಾಳಿ ಹಾಯುವ ಜಾಗ, ಉದಾಹರಣೆಗೆ ಕೊಟ್ಟಿಗೆಯ ಬದಿ. ನೆಲದಿಂದ ಒಂದಡಿ ಎತ್ತರಕ್ಕೆ ಇಟ್ಟಿಗೆ ಇಟ್ಟು ಸಮಮಟ್ಟ ಮಾಡಿ. ಹಲಗೆ, ಅದರ ಮೇಲೆ ಒಂದಿಂಚು ದಪ್ಪದ ಒಣ ರೀಪುಗಳು, ಮತ್ತೆ ಹಲಗೆ. ರೀಪುಗಳ ನಡುವೆ ಒಂದೂವರೆ ಎರಡು ಅಡಿ ಅಂತರ. ಮೇಲಿನ ಸಾಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕು, ಒಂದಿಂಚು ಆಚೀಚೆಯಾದರೂ ಹಲಗೆ ಅಲೆಯಂತೆ ಬಾಗುತ್ತದೆ. ಕೊನೆಗೆ ಮೇಲೆ ಚಪ್ಪಡಿ ಕಲ್ಲು ಹೇರಿ. ಬಿಸಿಲಿಗೆ ಇಡಬೇಡಿ. ಮೇಲ್ಮೈ ಬೇಗ ಒಣಗಿ ಒಳಗೆ ಹಸಿ ಉಳಿದರೆ ಒಳಸೀಳು ಬರುತ್ತದೆ.

ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೇ ಲೆಕ್ಕ. ನಮ್ಮ ಒಣಹವೆಯಲ್ಲಿ, ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬೇಸಿಗೆ ಪೂರ್ತಿ ಸಿಕ್ಕರೆ, ಅದಕ್ಕಿಂತ ಬೇಗ ಆಗುತ್ತದೆ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಎರಡು ತಿಂಗಳು ಮರ ಒಣಗುವುದಿರಲಿ, ವಾಪಸ್ ನೀರು ಎಳೆದುಕೊಳ್ಳುತ್ತದೆ.

ಕಣ್ಣಳತೆ ನಂಬಬೇಡಿ, ತಕ್ಕಡಿ ನಂಬಿ. ರಾಶಿಯಲ್ಲಿ ಒಂದು ಹಲಗೆಯಿಂದ ಅಂಗೈಯಗಲದ ತುಂಡು ಕತ್ತರಿಸಿ ತೂಗಿ, ಉದಾಹರಣೆಗೆ 500 ಗ್ರಾಂ. ಅದನ್ನು ಓವನ್‌ನಲ್ಲಿ 103 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಆಗಾಗ ತೂಗಿ. 440ಕ್ಕೆ ನಿಂತರೆ ಹೋದ ನೀರು 60 ಗ್ರಾಂ. 60ನ್ನು 440ರಿಂದ ಭಾಗಿಸಿ ನೂರರಿಂದ ಗುಣಿಸಿ: 13.6 ಶೇಕಡಾ. ಮನೆಯೊಳಗಿನ ಸಾಮಾನಿಗೆ ಇದು 12ರ ಆಸುಪಾಸಿಗೆ ಅಥವಾ ಕೆಳಗೆ ಬರಬೇಕು. ಓವನ್ ಇಲ್ಲದವರು ಒಂದೇ ಹಲಗೆಯನ್ನು ವಾರವಾರ ತೂಗಿ ಗೋಡೆಯ ಮೇಲೆ ಬರೆಯುತ್ತಾ ಹೋಗಿ. ಬೇಸಿಗೆಯಲ್ಲಿ ನಾಲ್ಕು ವಾರ ಅಂಕಿ ಅಲ್ಲಾಡದಿದ್ದರೆ ಆಚಾರಿಯನ್ನು ಕರೆಸಬಹುದು.

ಕುಟ್ಟೆಗೆ ಬಿಳಿಗಾರ

ನಮ್ಮ ಮನೆಯ ಮಾವಿನ ಮಣೆಯ ಕೆಳಗೆ ಒಂದು ದಿನ ಗೋಧಿಹಿಟ್ಟಿನಂಥ ನುಣ್ಣನೆಯ ಪುಡಿ ಬಿದ್ದಿತ್ತು. ಒರೆಸಿದೆ, ಮರುದಿನ ಮತ್ತೆ ಅಷ್ಟೇ ಪುಡಿ. ಅದೇ ಕುಟ್ಟೆ. ತೂತು ಕಾಣಿಸುವ ಹೊತ್ತಿಗೆ ಹುಳು ಒಳಗೆ ಬೆಳೆದು, ಉಂಡು, ಹೊರಗೆ ಹೋಗಿರುತ್ತದೆ. ಅದಕ್ಕೆ ಬೇಕಾದದ್ದು ಮರದ ಬಿಳಿಭಾಗದಲ್ಲಿರುವ ಪಿಷ್ಟ.

ಉಪಾಯ ಸರಳ ಮತ್ತು ಹಳೇದು. 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬಿಳಿಗಾರ (ಬೋರಾಕ್ಸ್), 200 ಗ್ರಾಂ ಬೋರಿಕ್ ಆಮ್ಲ; ಕೇರಂ ಬೋರ್ಡಿಗೆ ಉದುರಿಸುತ್ತೇವಲ್ಲ, ಅದೇ. ಪೂರ್ತಿ ಕರಗಿದ ಮೇಲೆ, ಮಿಲ್ಲಿನಿಂದ ಬಂದ ಹಸಿ ಹಲಗೆಗೇ ಬ್ರಶ್ಶಿನಲ್ಲಿ ಎರಡು ಮೂರು ಸಲ ತೊಯ್ಯುವಷ್ಟು ಬಳಿದು, ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡು ವಾರ ಬಿಡಿ. ಮರದಲ್ಲಿ ನೀರು ಇರುವ ತನಕ ಮದ್ದು ಒಳಗೆ ಇಳಿಯುತ್ತದೆ. ಒಣ ಮರಕ್ಕೆ ಬಳಿದರೆ ಮೇಲ್ಮೈಯಲ್ಲೇ ಕೂರುತ್ತದೆ. ಆಮೇಲೆ ರಾಶಿ ಹಾಕಿ ಒಣಗಿಸಿ. ಮಳೆಗೆ ಸಿಕ್ಕರೆ ತೊಳೆದುಹೋಗುತ್ತದೆ, ಆದ್ದರಿಂದ ಇದು ಮನೆಯೊಳಗಿನ ಸಾಮಾನಿಗೆ ಮಾತ್ರ. ತರಕಾರಿ ಹೆಚ್ಚುವ ಮಣೆಗೆ, ಮಗು ಬಾಯಿಗೆ ಹಾಕುವ ಆಟಿಕೆಗೆ ಬೇಡವೇ ಬೇಡ. ಅವಕ್ಕೆ ಬೇವಿನ ಅಥವಾ ಹಲಸಿನ ಚೇಗು ಆರಿಸಿಕೊಂಡರೆ ಮದ್ದಿನ ಗೊಡವೆಯೇ ಇಲ್ಲ.

ಕೆಡವಿದ ಮನೆಯ ಮರ ಸಿಕ್ಕರೆ

ಕಾಯಲು ತಾಳ್ಮೆ ಇಲ್ಲದವರಿಗೆ ಹಳೇ ಮರದ ಮಂಡಿಯೇ ದಾರಿ. ತೊಟ್ಟಿಮನೆ ಕೆಡವಿದಾಗ ಬರುವ ತೊಲೆ, ಜಂತೆ, ಬಾಗಿಲಲ್ಲಿ ತೇಗ, ಮತ್ತಿ, ಹಲಸು ಎಲ್ಲ ಇರುತ್ತದೆ. ಅರವತ್ತು ಎಪ್ಪತ್ತು ವರ್ಷ ಒಣಗಿದ ಮರ ಹಸಿ ಮರದಷ್ಟು ತಿರುಚಿಕೊಳ್ಳೋದಿಲ್ಲ. ಕೊಳ್ಳುವಾಗ ಮೊಳೆ ಎಷ್ಟಿವೆ ಅಂತ ಅಯಸ್ಕಾಂತ ಆಡಿಸಿ ನೋಡಿ, ತುದಿಗೆ ಸುತ್ತಿಗೆಯಲ್ಲಿ ತಟ್ಟಿ. ಒಳಗೆ ಟೊಳ್ಳಾಗಿದ್ದರೆ ಸದ್ದು ಡಬಡಬ ಅನ್ನುತ್ತದೆ.

ಒಂದು ಎಚ್ಚರ. ಹಳೇ ಬಾಗಿಲ ಹಸಿರು, ಹಳದಿ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಬಹಳ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಆದ್ದರಿಂದ ಹಳೇ ಬಣ್ಣವನ್ನು ಒಣಗಿದ್ದಾಗ ಮರಳುಕಾಗದದಲ್ಲಿ ಉಜ್ಜಬೇಡಿ, ಬೆಂಕಿ ತೋರಿಸಿ ಸುಡಲೂಬೇಡಿ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು, ಮಕ್ಕಳನ್ನು ದೂರ ಇಟ್ಟು ಕೆರೆಯಿರಿ. ಕೆರೆದ ಚಕ್ಕೆಯನ್ನು ಹಿತ್ತಲಿಗೆ ಎಸೆಯದೆ ಚೀಲಕ್ಕೆ ಕಟ್ಟಿ. ಬಸುರಿಯರು ಈ ಕೆಲಸದ ಹತ್ತಿರ ಬರಬಾರದು.

ಕೂಡಿಸುವುದು, ಉಜ್ಜುವುದು

ಇದನ್ನು ಆಚಾರಿಗೇ ಬಿಡಿ. ನೀವು ಕೇಳಬೇಕಾದದ್ದು ಎರಡೇ. ಅಗಲದ ಹಲಗೆಯನ್ನು ಚೌಕಟ್ಟಿಗೆ ಸ್ಕ್ರೂ ಹಾಕಿ ಬಿಗಿಯುವಾಗ ತೂತು ಉದ್ದನೆಯದಾಗಿರಲಿ. ಮಳೆಗಾಲದಲ್ಲಿ ಹಲಗೆ ಹಿಗ್ಗುತ್ತದೆ, ಜಾಗ ಇಲ್ಲದಿದ್ದರೆ ಸೀಳುತ್ತದೆ. ಕಾಲಿನ ಕೂಡಿಕೆಗೆ ಮೊಳೆಗಿಂತ ಕಚ್ಚು ಹಾಕಿ ಒಣ ಬಿದಿರಿನ ಗೂಟ ಹೊಡೆಯಲಿ.

ಮರಳುಕಾಗದ ಮೊದಲು 80 ನಂಬರಿನದು, ಆಮೇಲೆ 120, ಆಮೇಲೆ 180. ನಾರಿನ ಗುಂಟವೇ ಉಜ್ಜಿ. ನೀರಿನ ಬಣ್ಣ ಬಳಿಯುವುದಾದರೆ ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಎದ್ದ ನಾರನ್ನು ಹಗುರಾಗಿ ಇನ್ನೊಮ್ಮೆ ಉಜ್ಜಿ. ಇಲ್ಲದಿದ್ದರೆ ಮೊದಲ ಕೋಟು ಬೆಕ್ಕಿನ ನಾಲಿಗೆಯಂತೆ ಒರಟಾಗುತ್ತದೆ.

ಎಣ್ಣೆ: ಒಣಗುವುದು ಯಾವುದು, ಜಿಗುಟಾಗುವುದು ಯಾವುದು

ನನ್ನ ಮೊದಲ ಸ್ಟೂಲಿಗೆ ಹೊಂಗೆ ಎಣ್ಣೆ ಬಳಿದೆ. ತೋಟದ ಹೊಂಗೆ, ಗಾಣದ ಎಣ್ಣೆ, ಹುಳುವಿಗೂ ಆಗದು, ಇನ್ನೇನು ಬೇಕು ಅನ್ನುವ ಹೆಮ್ಮೆ. ಎರಡು ತಿಂಗಳಾದರೂ ಅದು ಒಣಗಲಿಲ್ಲ. ಕೂತವರ ಪಂಚೆಗೆ ಕಂದು ಕಲೆ, ಮೇಲೆ ಧೂಳಿನ ಪದರ, ಮನೆ ತುಂಬ ಕಹಿ ನಾತ. ಕೊನೆಗೆ ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಮತ್ತೆ 80ರಿಂದ ಉಜ್ಜಿದೆ.

ಕಾರಣ ಇಷ್ಟೇ: ಎಣ್ಣೆಗಳಲ್ಲಿ ಕೆಲವು ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುತ್ತವೆ, ಕೆಲವು ಎಷ್ಟು ವರ್ಷವಾದರೂ ಎಣ್ಣೆಯಾಗಿಯೇ ಉಳಿಯುತ್ತವೆ. ಇದನ್ನು ಅಳೆಯಲು ಅಯೋಡಿನ್ ಮೌಲ್ಯ ಅನ್ನುವ ಅಂಕಿ ಇದೆ. ಅದು ಸುಮಾರು 130 ದಾಟಿದರೆ ಎಣ್ಣೆ ಒಣಗುತ್ತದೆ. ಅಗಸೆ ಎಣ್ಣೆಗೆ 170ಕ್ಕೂ ಮೇಲೆ, ಕುಸುಬೆಗೆ 140ರ ಆಸುಪಾಸು. ಹೊಂಗೆ, ಹರಳು ಎರಡೂ 80–90ರಲ್ಲೇ ನಿಲ್ಲುತ್ತವೆ. ಕೊಬ್ಬರಿ ಎಣ್ಣೆಗೆ ಹತ್ತರ ಹತ್ತಿರ. ತಿಪಟೂರಿನವರು ಬೇಜಾರು ಮಾಡಿಕೊಳ್ಳಬಾರದು, ತಲೆಗೆ ಅದೇ ಸರಿ, ಮರಕ್ಕೆ ಅಲ್ಲ.

ಹಾಗಾಗಿ ಅಗಸೆ ಎಣ್ಣೆ. ಬಣ್ಣದಂಗಡಿಯಲ್ಲಿ 'ಬಾಯ್ಲ್ಡ್' ಅಂತ ಬರೆದಿರುವುದರಲ್ಲಿ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುವುದೇ ಹೆಚ್ಚು. ಊಟದ ತಟ್ಟೆ ಇಡುವ ಮೇಜಿಗೆ, ತೊಟ್ಟಿಲಿಗೆ ಗಾಣದ ಹಸಿ ಅಗಸೆ ಎಣ್ಣೆಯೇ ಇರಲಿ, ನಿಧಾನವಾದರೂ ಪರವಾಗಿಲ್ಲ.

ಬಳಿಯುವ ರೀತಿ: ಎಣ್ಣೆಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ. ಹತ್ತಿಬಟ್ಟೆಯಲ್ಲಿ ಧಾರಾಳವಾಗಿ ಹಚ್ಚಿ, 20 ನಿಮಿಷ ಬಿಡಿ. ಮರ ಕುಡಿಯುವಷ್ಟು ಕುಡಿಯಲಿ. ಆಮೇಲೆ ಇನ್ನೊಂದು ಒಣ ಬಟ್ಟೆಯಲ್ಲಿ ಮೇಲೆ ಉಳಿದದ್ದನ್ನು ಒಂದು ಹನಿಯೂ ಬಿಡದೆ ಒರೆಸಿ ತೆಗೆಯಿರಿ. ಹೊಳೆಯಲಿ ಅಂತ ಬಿಟ್ಟ ಎಣ್ಣೆಯೇ ಜಿಗುಟಾಗುವುದು. ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಎರಡನೇ ಕೋಟು. ಬಾಯ್ಲ್ಡ್ ಆದರೆ ಎರಡು ದಿನ, ಹಸಿ ಎಣ್ಣೆಗೆ ವಾರ, ಕೆಲವೊಮ್ಮೆ ಹೆಚ್ಚು. ಮೂರು ಕೋಟು ಸಾಕು.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಶಾಖ ಸೇರಿ, ಕಿಡಿ ಸೋಕದೆಯೇ ಬಟ್ಟೆ ಹೊತ್ತಿಕೊಳ್ಳುತ್ತದೆ. ಒಂದೊಂದನ್ನೂ ಬಿಡಿಸಿ ಹೊರಗಿನ ತಂತಿಯ ಮೇಲೆ ಹರವಿ, ಇಲ್ಲವೇ ನೀರು ತುಂಬಿದ ಡಬ್ಬಕ್ಕೆ ಹಾಕಿ. ಈ ಇಡೀ ಬರಹದಲ್ಲಿ ಒಂದೇ ವಾಕ್ಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಮೇಲಿನ ಹೊಳಪಿಗೆ ಜೇನುಮೇಣ. ಒಂದು ಪಾಲು ಮೇಣ, ನಾಲ್ಕು ಪಾಲು ಅಗಸೆ ಎಣ್ಣೆ, ತೂಕದಲ್ಲಿ. ಮೇಣ ಕರಗುವುದು ಸುಮಾರು 63 ಡಿಗ್ರಿಗೆ, ಆದ್ದರಿಂದ ನೇರ ಉರಿ ಬೇಡ, ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು ಕರಗಿಸಿ. ಆರಿದಾಗ ಬೆಣ್ಣೆಯ ಹದಕ್ಕೆ ಬರುತ್ತದೆ. ಇಂಥದ್ದನ್ನು ಬೆರಳಗಲ ತೆಗೆದು ತಿಕ್ಕಿ, ಅರ್ಧ ಗಂಟೆ ಬಿಟ್ಟು ಒಣಬಟ್ಟೆಯಲ್ಲಿ ಉಜ್ಜಿ.

ಇನ್ನೂ ಮಿಂಚಬೇಕು ಅನ್ನುವವರಿಗೆ ಅರಗು ಇದೆ. 100 ಗ್ರಾಂ ಅರಗಿನ ಚಕ್ಕೆ ಅರ್ಧ ಲೀಟರ್ ಸ್ಪಿರಿಟ್‌ನಲ್ಲಿ ರಾತ್ರಿ ನೆನೆಸಿ, ಸೋಸಿ, ತೆಳ್ಳಗೆ ಬಳಿಯುವುದು. ಚನ್ನಪಟ್ಟಣದ ಗೊಂಬೆಯ ಮೇಲಿರುವುದೂ ಅರಗೇ. ಅಲ್ಲಿ ಹಾಲೆಮರವನ್ನು ಚರಕಿಯಲ್ಲಿ ತಿರುಗಿಸುತ್ತಾ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಶಾಖಕ್ಕೇ ಕರಗಿಸುತ್ತಾರೆ. ಅರಗಿನ ಮೇಜಿನ ಮೇಲೆ ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಕಾಫಿ ಕುಡಿಯುವ ಮನೆಯಲ್ಲಿ ಅದನ್ನು ಕನ್ನಡಿ ಚೌಕಟ್ಟಿಗೆ ಇಟ್ಟುಕೊಳ್ಳಿ.

ಹಾಲು, ಸುಣ್ಣ, ಕೆಮ್ಮಣ್ಣು

ಹಲಸಿಗೆ ಬಣ್ಣ ಬಳಿಯುವುದು ಅದರ ಹಳದಿಗೆ ಮಾಡುವ ಅವಮಾನ. ಹಾಲಿನ ಬಣ್ಣ ಇರುವುದು ಮಾವು, ಸಿಲ್ವರ್ ಓಕ್‌ನಂಥ ಸಪ್ಪೆ ಮರಗಳಿಗೆ.

ಮೊದಲು ಬಣ್ಣದ ಪುಡಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಈ ಮೂರೂ ಜಿಲ್ಲೆಯಲ್ಲಿ ಕೆಂಪುಮಣ್ಣಿಗೆ ಬರವಿಲ್ಲ. ಆ ಕೆಂಪು ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೂ ಸುಣ್ಣಕ್ಕೂ ಜಗ್ಗುವುದಿಲ್ಲ. ಗೊಬ್ಬರ ಬೀಳದ ಜಾಗದಲ್ಲಿ ಒಂದಡಿ ಆಳದ ಮಣ್ಣು ತೆಗೆದು ಬಕೆಟ್ ನೀರಿಗೆ ಹಾಕಿ ಕದಡಿ. ಅರವತ್ತು ಎಣಿಸಿ. ಮರಳು ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿ. ಇದನ್ನೇ ಮೂರು ಸಲ ಮಾಡಿ, ಕೊನೆಯ ನೀರನ್ನು ಎರಡು ದಿನ ತಂಗಲು ಬಿಡಿ. ತಿಳಿ ಚೆಲ್ಲಿ ಕೆಳಗಿನ ಕೆನೆಯನ್ನು ಬಟ್ಟೆಯ ಮೇಲೆ ಒಣಗಿಸಿ, ಪುಡಿ ಮಾಡಿ, ಮಲ್ಲು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಎರಡು ಬೆರಳ ನಡುವೆ ತಿಕ್ಕಿದರೆ ಟಾಲ್ಕಂ ಪೌಡರ್‌ನಷ್ಟು ನುಣುಪಿರಬೇಕು. ಇಷ್ಟು ವ್ಯವಧಾನ ಇಲ್ಲವೇ, ಗ್ರಂಧಿಗೆ ಅಂಗಡಿಯಲ್ಲಿ ಜಾಜು ಕೇಳಿ. ಹೊಸ್ತಿಲಿಗೆ, ಕಟ್ಟೆಯ ಅಂಚಿಗೆ ಬಳಿಯುವ ಅದೇ ಜಾಜು.

ಕಪ್ಪಿಗೆ ಇದ್ದಿಲು ಅಥವಾ ದೀಪದ ಮಸಿ. ಮಸಿ ನೀರಿನಲ್ಲಿ ತೇಲುತ್ತದೆ, ಅಂಟುವಾಳದ ನೀರು ನಾಲ್ಕು ಹನಿ ಹಾಕಿ ಕಲಸಿದರೆ ಬೆರೆಯುತ್ತದೆ. ಅರಿಸಿನದ ಆಸೆ ಬೇಡ. ಸುಣ್ಣ ಸೋಕಿದ ಕೂಡಲೇ ಅದು ಓಕುಳಿಯಾಗಿ ಕೆಂಪಾಗುವುದು ನಿಮಗೇ ಗೊತ್ತು. ಆ ಕೆಂಪೂ ನಿಲ್ಲುವುದಿಲ್ಲ, ಕಿಟಕಿ ಬಿಸಿಲಿಗೆ ಸಪ್ಪೆಯಾಗಿ ಹೋಗುತ್ತದೆ.

ಈಗ ಅಂಟು:

1. ಕೆನೆ ಪೂರ್ತಿ ತೆಗೆದ ಹಾಲು ಒಂದು ಲೀಟರ್. ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಬೆಚ್ಚಗೆ ಮಾಡಿ ನಿಂಬೆರಸ ಹಿಂಡಿ ಒಡೆಯಿರಿ.
2. ಬಟ್ಟೆಯಲ್ಲಿ ಸೋಸಿ, ಹುಳಿ ಹೋಗುವಂತೆ ಗಡ್ಡೆಯನ್ನು ತಣ್ಣೀರಲ್ಲಿ ಎರಡು ಸಲ ತೊಳೆದು ಹಿಂಡಿ. ಸುಮಾರು 100 ಗ್ರಾಂ ಸಿಗುತ್ತದೆ.
3. ಇದಕ್ಕೆ ನೀರಲ್ಲಿ ಅರಳಿಸಿದ ಸುಣ್ಣದ ಮುದ್ದೆ 25 ಗ್ರಾಂ. ವೀಳ್ಯಕ್ಕೆ ಹಚ್ಚುವ ಹದದ್ದು, ಆದರೆ ಬಣ್ಣ ಬೆರೆಸದ್ದು. ಮರದ ಸೌಟಿನಲ್ಲಿ ತಿರುವುತ್ತಾ ಹೋಗಿ.

ಮೊದಲ ಎರಡು ನಿಮಿಷ ಮೊಸರು ಕೆಟ್ಟಂತೆ ಗಂಟುಗಂಟಾಗಿರುತ್ತದೆ, ಎಸೆಯೋಣ ಅನಿಸುತ್ತದೆ. ಬಿಡದೆ ತಿರುವಿ. ಹತ್ತು ನಿಮಿಷಕ್ಕೆ ಗಂಟುಗಳು ಒಂದೊಂದಾಗಿ ಕರಗಿ, ಸೌಟು ಎತ್ತಿದರೆ ಜೇನಿನಂತೆ ಎಳೆಯಾಗಿ ಇಳಿಯುವ ಅಂಟು ತಯಾರಾಗುತ್ತದೆ. ಹಾಲಿನಲ್ಲಿರುವ ಕೇಸೀನ್ ಅನ್ನುವ ಪ್ರೋಟೀನು ಸುಣ್ಣದ ಜೊತೆ ಸೇರಿದರೆ ಹೀಗೆ. ಒಣಗಿದ ಮೇಲೆ ಅದು ಮತ್ತೆ ನೀರಿಗೆ ಸುಲಭವಾಗಿ ಕರಗುವುದಿಲ್ಲ. ಕೈಗವಸು, ಕನ್ನಡಕ ಮರೆಯಬೇಡಿ, ಸುಣ್ಣ ಕಣ್ಣಿಗೆ ಸಿಡಿದರೆ ಹುಡುಗಾಟವಲ್ಲ.

ಹಿಂದಿನ ರಾತ್ರಿ ನೀರಲ್ಲಿ ನೆನೆಸಿಟ್ಟ ಕೆಮ್ಮಣ್ಣಿನ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ. ಅಂಟಿನಷ್ಟೇ ತೂಕದ ಪುಡಿ ಮಿತಿ. ಅದಕ್ಕಿಂತ ಹೆಚ್ಚಾದರೆ ಒಣಗಿದ ಮೇಲೆ ಕೈಗೆ ಅಂಟುತ್ತದೆ. ನೀರುಮಜ್ಜಿಗೆಗಿಂತ ಒಂಚೂರು ಗಟ್ಟಿ ಇರುವ ತನಕ ತೆಳ್ಳಗೆ ಮಾಡಿ, ಸೋಸಿ. ತೆಳುವಾಗಿ ಮೂರು ಕೋಟು, ನಡುವೆ ಎರಡು ಗಂಟೆ. ದಪ್ಪಗೆ ಬಳಿದರೆ ಕೆರೆ ತಳದ ಮಣ್ಣಿನಂತೆ ಬಿರುಕು. ಅವತ್ತು ಮಾಡಿದ್ದು ಅವತ್ತೇ ಮುಗಿಯಬೇಕು, ಮಾರನೇ ದಿನ ನಾರುತ್ತದೆ. ಹಾಲಿನ ಬಣ್ಣ ಹಿಡಿಯುವುದು ಬರಿಮೈಯ ಮರಕ್ಕೆ ಮಾತ್ರ. ವಾರ್ನಿಷ್ ಇದ್ದ ಕಡೆ ಸುಲಿದು ಬೀಳುತ್ತದೆ.

ಒಂದು ವಾರ ಬಿಟ್ಟು ಮೇಲೆ ಒಂದು ಕೋಟು ಅಗಸೆ ಎಣ್ಣೆ. ಮಂಕಾಗಿದ್ದ ಇಟ್ಟಿಗೆ ಬಣ್ಣ ಆ ಕ್ಷಣಕ್ಕೆ ಮಳೆ ಬಿದ್ದ ಹೊಲದ ಬಣ್ಣಕ್ಕೆ ತಿರುಗುತ್ತದೆ.

ಹುಣಸೆಬೀಜದ ಅಂಟಿನಲ್ಲೂ ಬಣ್ಣ ಕಲಸಬಹುದು. ತುಮಕೂರಿನಲ್ಲಿ ಹುಣಸೆಬೀಜಕ್ಕೆ ಪರದಾಡಬೇಕಿಲ್ಲ. ಹುರಿದು, ಸಿಪ್ಪೆ ಬಿಡಿಸಿ, ಪುಡಿ ಮಾಡಿ, ಲೀಟರ್ ತಣ್ಣೀರಿಗೆ 30 ಗ್ರಾಂ ಕದಡಿ ಅರ್ಧ ಗಂಟೆ ಕುದಿಸಿದರೆ ಅಂಟು. ಆದರೆ ಒದ್ದೆ ಬಟ್ಟೆ ಸೋಕಿದರೆ ಬಿಡುತ್ತದೆ. ದೇವರ ಮಂಟಪದ ಹಿಂಬದಿಗೆ, ಚಿತ್ರದ ಚೌಕಟ್ಟಿಗೆ ಸರಿ, ಕೂರುವ ಸಾಮಾನಿಗಲ್ಲ. ಅಂಗಡಿಯಲ್ಲಿ ಸಿಗುವ ಸಗಣಿ ಬಣ್ಣದ ಬಗ್ಗೆ ಕೇಳುವವರಿದ್ದಾರೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರ ಜನವರಿಯಲ್ಲಿ ತಂದದ್ದು ಅದು. ಡಿಸ್ಟೆಂಪರ್, ಎಮಲ್ಷನ್ ಎರಡೂ ಗೋಡೆಗೆ ಮಾಡಿದಂಥವು.

ಕಬ್ಬಿಣದ ಕಪ್ಪು

ಜಾಲಿ ಸ್ಟೂಲಿನ ಕಾಲುಗಳಿಗೆ ನಾನು ಬಣ್ಣ ಬಳಿಯಲೇ ಇಲ್ಲ, ಮರವನ್ನೇ ಕಪ್ಪು ಮಾಡಿದೆ. ಮಣ್ಣಿನ ಗಡಿಗೆಗೆ ಕಾಲು ಕಿಲೋ ತುಕ್ಕು ಹಿಡಿದ ಮೊಳೆ, 100 ಗ್ರಾಂ ಬೆಲ್ಲ, ಎರಡು ಲೀಟರ್ ನೀರು. ಬಟ್ಟೆ ಕಟ್ಟಿ ಮೂರು ವಾರ ಹಿತ್ತಲಲ್ಲಿಡಿ. ಬಿಗಿ ಮುಚ್ಚಳ ಹಾಕಬೇಡಿ, ಒಳಗೆ ಅನಿಲ ಕಟ್ಟುತ್ತದೆ. ಸ್ಟೇನ್‌ಲೆಸ್ ಮೊಳೆ, ಸತು ಲೇಪಿಸಿದ ಮೊಳೆ ಕೆಲಸಕ್ಕೆ ಬಾರವು. ಕಲಂಕಾರಿ ಬಟ್ಟೆಯ ಕಪ್ಪು ಗೆರೆಗೂ ಬೆಲ್ಲ, ಕಬ್ಬಿಣದ ಇದೇ ರಸ.

ಈ ನೀರು ಮರದ ಒಗರಿನ ಜೊತೆ, ಅಂದರೆ ಟ್ಯಾನಿನ್ ಜೊತೆ ಸೇರಿ ಕಪ್ಪಾಗುತ್ತದೆ. ಕರಿಜಾಲಿಯಲ್ಲಿ ಒಗರು ತಾನಾಗಿಯೇ ಇದೆ. ಸಪ್ಪೆ ಮರಕ್ಕೆ ನಾವೇ ಕೊಡಬೇಕು: 50 ಗ್ರಾಂ ಅಳಲೆಕಾಯಿ ಪುಡಿ ಒಂದು ಲೀಟರ್ ನೀರಲ್ಲಿ 20 ನಿಮಿಷ ಕುದಿಸಿ, ಸೋಸಿ, ಬಳಿದು ಒಣಗಿಸಿ. ಆಮೇಲೆ ಸೋಸಿದ ಕಬ್ಬಿಣದ ನೀರು. ಬ್ರಶ್ಶು ಹೋದ ದಾರಿಯಲ್ಲೇ ಮರ ಬೂದಿ, ನೇರಳೆಗಪ್ಪು, ಕಪ್ಪು ಅಂತ ಕಣ್ಣೆದುರೇ ತಿರುಗುತ್ತದೆ. ಎರಡನೇ ಕೋಟು ಬೇಕಾಗಬಹುದು. ಒಣಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮರುದಿನ ಎಣ್ಣೆ. ನೆಲದ ಮೇಲೆ ಹಳೇ ಪೇಪರ್ ಹಾಸಿಕೊಳ್ಳಿ. ನಮ್ಮ ಕಡಪಾ ಕಲ್ಲಿನ ಜಗಲಿಯ ಮೇಲೆ ಒಂದು ಅಂಗೈ ಕಲೆ ಈಗಲೂ ಇದೆ.

ಏನೇ ಬಳಿಯುವ ಮುಂಚೆ ಅದೇ ಮರದ ಚೂರಿನ ಮೇಲೆ ಪ್ರಯೋಗ ಮಾಡಿ, ಹಿಂದೆ ಪೆನ್ಸಿಲ್‌ನಲ್ಲಿ ಎಷ್ಟು ಹಾಕಿದಿರಿ ಅಂತ ಬರೆದಿಡಿ. ನನ್ನ ಹತ್ತಿರ ಒಂದು ಬಿಸ್ಕತ್ ಡಬ್ಬ ತುಂಬ ಇಂಥ ಚೂರುಗಳಿವೆ.

ಮನೆಯೊಳಗೆ ಬಂದ ಮೇಲೆ

ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮನೆ ತೊಳೆಯುವಾಗ, ಅಂಟುವಾಳದ ನೀರಲ್ಲಿ ಬಟ್ಟೆ ಹಿಂಡಿ ಒರೆಸಿ, ಒಣಗಿದ ಮೇಲೆ ಮೇಣ-ಎಣ್ಣೆ ತೆಳ್ಳಗೆ ತಿಕ್ಕಿ. ಗೀರು ಬಿದ್ದರೆ ಆ ಜಾಗವನ್ನಷ್ಟೇ 180ರ ಕಾಗದದಲ್ಲಿ ಉಜ್ಜಿ ಎಣ್ಣೆ ಮುಟ್ಟಿಸಿದರಾಯಿತು, ಇಡೀ ಮೇಜನ್ನು ಪಾಲಿಶ್‌ಗೆ ಕಳಿಸಬೇಕಿಲ್ಲ.

ಹಲಸಿನ ಸಾಮಾನಿಗೆ ಇನ್ನೊಂದು ಮಾತು. ಹೊಸ ಹಲಸು ನಿಂಬೆಹಣ್ಣಿನಂತೆ ಹಳದಿ, ಬೆಳಕು ಕುಡಿದು ವರ್ಷದೊಳಗೆ ಕೆಂಗಂದು ಆಗುತ್ತದೆ. ಮೊದಲ ಆರು ತಿಂಗಳು ಅದರ ಮೇಲೆ ಏನನ್ನೂ ಒಂದೇ ಕಡೆ ಇಡಬೇಡಿ. ನಮ್ಮ ಬೆಂಚಿನ ಎಡತುದಿಯಲ್ಲಿ ಅಮ್ಮ ತುಳಸಿಯ ಕುಂಡ ಇಟ್ಟಿದ್ದರು. ಗೌರಿ ಹಬ್ಬಕ್ಕೆ ಎತ್ತಿ ನೋಡಿದರೆ ಕೆಂಗಂದು ಹಲಗೆಯ ನಡುವೆ ಹುಣ್ಣಿಮೆ ಚಂದ್ರನಂಥ ಹಳದಿ ವೃತ್ತ. ಉಜ್ಜಿ ಸಮ ಮಾಡಲೇ ಅಂತ ಕೇಳಿದೆ. ಬೇಡ, ಕುಂಡದ ಜಾಗ ಅಂತ ಗುರುತಿರಲಿ ಅಂದರು.